ಮುಂಬೈ ಫ್ಲ್ಯಾಟಿನಲ್ಲಿ ಉಪ್ಪುನೀರಿನ ಅಕ್ವೇರಿಯಂ: ಮೊದಲ ಸಲ ಏನು ಕೊಳ್ಳಬೇಕು, ಏನು ಬೇಡ

ನಮ್ಮಲ್ಲಿ ಬಹಳ ಜನ ಕೇಳೋ ಪ್ರಶ್ನೆ ಇದು: "ಮನೆಯಲ್ಲಿ ಕ್ಲೌನ್ ಫಿಶ್ ಇಡಬೇಕು ಅಂತ ಆಸೆ, ಸಾಮಾನು ಏನೇನು ತಗೊಳ್ಳಬೇಕು?" ಯೂಟ್ಯೂಬ್‌ನಲ್ಲಿ ಇದಕ್ಕೆ ನೂರಾರು ವಿಡಿಯೋ ಇವೆ. ಆದರೆ ಹೆಚ್ಚಿನವು ಅಮೆರಿಕದವು, ಯುರೋಪಿನವು. ಅವರು ಮೊದಲು ಹೀಟರ್ ತಗೊಳ್ಳಿ ಅಂತಾರೆ. ಮೇ ತಿಂಗಳಲ್ಲಿ ಮುಂಬೈ ಫ್ಲ್ಯಾಟಿನಲ್ಲಿ ಹೀಟರ್ ಹಾಕಿಕೊಂಡು ಏನು ಮಾಡೋಣ ಹೇಳಿ? ಹಾಗಾಗಿ ಇವತ್ತಿನ ಮಾತು ಪೂರ್ತಿ ಮುಂಬೈ ಲೆಕ್ಕದ್ದು. ಇಲ್ಲಿಯ ಸೆಕೆ, ಇಲ್ಲಿಯ ನೀರು, ಇಲ್ಲಿಯ ಬಾಡಿಗೆ ಮನೆ, ಇಲ್ಲಿಯ ಕಾನೂನು.

ಕಾನೂನಿನಿಂದಲೇ ಶುರು ಮಾಡ್ತೀನಿ. ಏನು ಸಾಕುತ್ತೀವಿ ಅನ್ನೋದು ಗೊತ್ತಾದ ಮೇಲೇ ಏನು ಕೊಳ್ಳಬೇಕು ಅನ್ನೋದು ಗೊತ್ತಾಗೋದು.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. 2001ರಲ್ಲಿ ದಿಬ್ಬ ಕಟ್ಟುವ ಹವಳಗಳು, ಕಪ್ಪು ಹವಳ, ಸೀ ಫ್ಯಾನ್, ಸಮುದ್ರ ಕುದುರೆ, ಸಮುದ್ರ ಸೌತೆ ಇವನ್ನೆಲ್ಲ ಅದರ ರಕ್ಷಿತ ಪಟ್ಟಿಗೆ ಸೇರಿಸಿದರು. ಹುಲಿಗೆ ಇರುವಂಥದ್ದೇ ರಕ್ಷಣೆ. ಸಿಕ್ಕಿಬಿದ್ದರೆ ಮೂರರಿಂದ ಏಳು ವರ್ಷ ಜೈಲು. ಅಂಗಡಿಯವನು "ಸಾರ್, ಎಲ್ಲರೂ ತಗೊಂಡು ಹೋಗ್ತಾರೆ, ಏನೂ ಆಗಲ್ಲ" ಅಂತಾನೆ. ಆದರೆ ಮಾಲು ನಿಮ್ಮ ಹಾಲ್‌ನಲ್ಲಿ ಇರುತ್ತೆ, ಅವನ ಅಂಗಡಿಯಲ್ಲಲ್ಲ. ಲೈವ್ ರಾಕ್ ಅಂತ ಮಾರೋ ಕಲ್ಲು ಕೂಡ ಹೆಚ್ಚಾಗಿ ಹವಳದ ದಿಬ್ಬದಿಂದ ಒಡೆದು ತಂದದ್ದೇ. ಮುರುಡೇಶ್ವರದ ಹತ್ತಿರ ನೇತ್ರಾಣಿಗೆ ಡೈವಿಂಗ್‌ಗೆ ಹೋದವರಿಗೂ ಇದೇ ಮಾತು, ಒಂದು ತುಂಡನ್ನೂ ನೆನಪಿಗೆ ಅಂತ ತರಬೇಡಿ. ಮುಂಬೈ ಕಡಲಲ್ಲೂ ಹವಳ ಇದೆ ಗೊತ್ತಾ? 2020ರಲ್ಲಿ ಕೋಸ್ಟಲ್ ರೋಡ್ ಕಾಮಗಾರಿ ಬಂದಾಗ ವರ್ಲಿ, ಹಾಜಿ ಅಲಿ ಬಳಿಯ ಹವಳಗಳನ್ನು ಅನುಮತಿ ಪಡೆದು ಬೇರೆ ಕಡೆಗೆ ಸ್ಥಳಾಂತರಿಸಿದರು. ಸರ್ಕಾರದ ರಸ್ತೆಗೇ ಅಷ್ಟು ನಿಯಮ ಅಂದ ಮೇಲೆ ನಮ್ಮ ಗಾಜಿನ ಪೆಟ್ಟಿಗೆಗೆ ಎಷ್ಟಿರಬೇಡ.

ಇದರಲ್ಲಿ ನಮಗೆ ಒಂದು ಲಾಭವೂ ಇದೆ. ಹವಳ ಇಲ್ಲ ಅಂದರೆ ಹವಳಕ್ಕಾಗಿ ಮಾಡಿದ ದುಬಾರಿ ಲೈಟ್ ಬೇಡ, ಕ್ಯಾಲ್ಸಿಯಂ ಡೋಸಿಂಗ್ ಪಂಪ್ ಬೇಡ. ಸಾಧಾರಣ ಎಲ್‌ಇಡಿ ಸಾಕು, ದಿನಕ್ಕೆ ಏಳೆಂಟು ಗಂಟೆ ಉರಿದರೆ ಆಯ್ತು. ಉಳಿದ ದುಡ್ಡು ಎಲ್ಲಿಗೆ ಹೋಗಬೇಕು ಅಂತ ಈಗ ನೋಡೋಣ.

ಮೊದಲು ಟ್ಯಾಂಕ್. "ಚಿಕ್ಕದರಲ್ಲಿ ಕಲಿಯೋಣ" ಅನ್ನೋದು ಸಿಹಿನೀರಿಗೂ ಅಷ್ಟು ಒಳ್ಳೆಯ ಮಾತಲ್ಲ, ಉಪ್ಪುನೀರಿಗಂತೂ ಅಲ್ಲವೇ ಅಲ್ಲ. ಇಪ್ಪತ್ತು ಲೀಟರ್ ಟ್ಯಾಂಕಿನಲ್ಲಿ ಒಂದು ಲೀಟರ್ ನೀರು ಆವಿಯಾದರೆ ಉಪ್ಪಿನ ಪ್ರಮಾಣ ಒಮ್ಮೆಲೇ ಏರುತ್ತೆ. ನೂರು ಲೀಟರಿನಲ್ಲಿ ಅದೇ ಒಂದು ಲೀಟರ್ ಹೋದರೆ ಮೀನಿಗೆ ಅಷ್ಟು ಗೊತ್ತಾಗಲ್ಲ. ಹಾಗಂತ ಆರಡಿ ಟ್ಯಾಂಕ್ ತರಬೇಡಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ಒನ್ ಬಿಎಚ್‌ಕೆಗೆ ಎರಡಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ್ದು ಸರಿಯಾದ ಅಳತೆ. ಸುಮಾರು 120 ಲೀಟರ್ ಹಿಡಿಯುತ್ತೆ, ಕಲ್ಲು ಮರಳು ಹಾಕಿದ ಮೇಲೆ ನೀರು ನೂರು ಲೀಟರ್ ಆಸುಪಾಸು.

ತೂಕ ಲೆಕ್ಕ ಹಾಕಿ. ನೀರು, ಗಾಜು, ಕಲ್ಲು, ಸ್ಟ್ಯಾಂಡ್ ಎಲ್ಲ ಸೇರಿ 180 ಕೆಜಿ ಹತ್ತಿರ ಬರುತ್ತೆ. ಮೂರು ಜನ ಒಂದೇ ಜಾಗದಲ್ಲಿ ವರ್ಷಗಟ್ಟಲೆ ನಿಂತ ಹಾಗೆ. ಗೋಡೆಯ ಪಕ್ಕ, ಬೀಮ್ ಇರುವ ಕಡೆ ಇಡಿ, ಬಾಲ್ಕನಿಯಲ್ಲಿ ಬೇಡ. ಕಬ್ಬಿಣದ ಸ್ಟ್ಯಾಂಡ್ ಬೇಡ, ಮುಂಬೈ ಗಾಳಿಗೇ ತುಕ್ಕು ಹಿಡಿಯುತ್ತೆ, ಉಪ್ಪುನೀರು ತಾಗಿದರೆ ಕೇಳೋದೇ ಬೇಡ. ಮತ್ತೆ ನಮ್ಮಲ್ಲಿ ಬಹಳ ಜನರದ್ದು 11 ತಿಂಗಳ ಲೀವ್ ಅಂಡ್ ಲೈಸೆನ್ಸ್ ಕರಾರು. ಮನೆ ಬದಲಿಸುವಾಗ ಇಬ್ಬರು ಎತ್ತಿ ಟೆಂಪೋಗೆ ಹಾಕುವಂತಿರಬೇಕು. ಅದಕ್ಕೇ ಗಾಜಿಗೆ ತೂತು ಕೊರೆದು ಕೆಳಗೆ ಇನ್ನೊಂದು ಟ್ಯಾಂಕ್ ಇಡುವ ಸಂಪ್ ವ್ಯವಸ್ಥೆಗೆ ಮೊದಲ ಸಲವೇ ಹೋಗಬೇಡಿ. ಅಳತೆ ತಪ್ಪಿದರೆ ಕರೆಂಟ್ ಹೋದಾಗ ಮೇಲಿನ ನೀರು ಇಳಿದು ನೆಲಕ್ಕೆ ಚೆಲ್ಲುತ್ತೆ. ಕೆಳಗಿನ ಮನೆಯ ಸೀಲಿಂಗ್‌ನಲ್ಲಿ ಉಪ್ಪುನೀರಿನ ಕಲೆ ಬಂದರೆ ಸೊಸೈಟಿ ಮೀಟಿಂಗಿನಲ್ಲಿ ನೀವೇ ಅಜೆಂಡಾ. ಹಿಂಬದಿಯಲ್ಲೇ ಫಿಲ್ಟರ್ ಖಾನೆ ಇರುವ ಟ್ಯಾಂಕ್, ಇಲ್ಲವೇ ಅಂಚಿಗೆ ನೇತು ಹಾಕುವ ಫಿಲ್ಟರ್ ಸಾಕು.

ಎರಡನೆಯದು ನೀರು. "ಸಮುದ್ರ ಪಕ್ಕದಲ್ಲೇ ಇದೆಯಲ್ಲ, ಜುಹುವಿನಿಂದ ನಾಲ್ಕು ಕ್ಯಾನ್ ತಂದರಾಯ್ತು" ಅಂತ ಅನ್ನಿಸುತ್ತೆ. ಆದರೆ ದಡದ ನೀರಿಗೆ ನಗರದ ಕೊಳಚೆ ಸೇರುತ್ತೆ, ಮಳೆಗಾಲದಲ್ಲಿ ಉಪ್ಪಿನ ಅಂಶವೂ ಇಳಿಯುತ್ತೆ. ಅದು ಬೇಡ. ಅಕ್ವೇರಿಯಂಗೆ ಅಂತಲೇ ಮಾಡಿದ ಸಾಲ್ಟ್ ಮಿಕ್ಸ್ ತಗೊಳ್ಳಿ. ಅಡುಗೆ ಉಪ್ಪು, ಕಲ್ಲುಪ್ಪು ಆಗಲ್ಲ, ಅದರಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ, ಕಾರ್ಬೊನೇಟ್ ಸರಿಯಾದ ಪ್ರಮಾಣದಲ್ಲಿ ಇರಲ್ಲ. ಲೀಟರಿಗೆ ಸುಮಾರು 35ರಿಂದ 38 ಗ್ರಾಂ ಮಿಕ್ಸ್ ಬೇಕು. ನೂರು ಲೀಟರಿಗೆ ನಾಲ್ಕು ಕೆಜಿ ಹತ್ತಿರ. ವಾರಕ್ಕೆ ಹತ್ತು ಲೀಟರ್ ಬದಲಿಸಿದರೆ ಮತ್ತೆ ನಾನೂರು ಗ್ರಾಂ. ಇದು ನಿಮ್ಮ ತಿಂಗಳ ಕಾಯಂ ಖರ್ಚು, ಮೊದಲೇ ಬರೆದಿಟ್ಟುಕೊಳ್ಳಿ.

ಆ ಮಿಕ್ಸ್ ಕರಗಿಸೋದು ಯಾವ ನೀರಿನಲ್ಲಿ? ತಾನ್ಸಾ, ಭಾತ್ಸಾ, ವೈತರಣಾ ಕಡೆಯಿಂದ ಬರುವ ಮುಂಬೈ ನಲ್ಲಿ ನೀರು ಬೆಂಗಳೂರಿನ ಬೋರ್‌ವೆಲ್ ನೀರಿನಷ್ಟು ಗಡುಸಲ್ಲ. ಆದರೂ ಅದರಲ್ಲಿ ಕ್ಲೋರಿನ್ ಇರುತ್ತೆ. ಸೊಸೈಟಿಗೆ ಟ್ಯಾಂಕರ್ ಬಂದ ದಿನ ಏನು ಇರುತ್ತೋ ಹೇಳೋಕಾಗಲ್ಲ. ಹಾಗಾಗಿ ಆರ್‌ಒ ಜೊತೆ ಡಿಐ ಕಾರ್ಟ್ರಿಜ್ ಇರುವ ಫಿಲ್ಟರ್ ಬೇಕು, ಟಿಡಿಎಸ್ ಮೀಟರ್ ಸೊನ್ನೆ ತೋರಿಸಬೇಕು. ಅಡುಗೆಮನೆಯ ಆರ್‌ಒ ಕುಡಿಯೋಕೆ ಅಂತ ಖನಿಜ ಮತ್ತೆ ಸೇರಿಸುತ್ತೆ, ಅದು ಸಾಲದು. ಉಪ್ಪು ಅಳೆಯೋಕೆ ರಿಫ್ರ್ಯಾಕ್ಟೋಮೀಟರ್ ತಗೊಳ್ಳಿ, ಪ್ಲಾಸ್ಟಿಕ್ ಹೈಡ್ರೋಮೀಟರ್ ನಂಬಬೇಡಿ. ಸ್ಪೆಸಿಫಿಕ್ ಗ್ರ್ಯಾವಿಟಿ 1.025 ಆಸುಪಾಸು ಇರಬೇಕು. ಇನ್ನೊಂದು ವಿಷಯ ಹೊಸಬರಿಗೆ ಗೊಂದಲ ಮಾಡುತ್ತೆ. ಆವಿಯಾಗೋದು ನೀರು ಮಾತ್ರ, ಉಪ್ಪಲ್ಲ. ಹಾಗಾಗಿ ದಿನಾ ಕಡಿಮೆಯಾದಷ್ಟಕ್ಕೆ ಉಪ್ಪಿಲ್ಲದ ನೀರನ್ನೇ ತುಂಬಬೇಕು.

ಮೂರನೆಯದು, ಮುಂಬೈಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು, ತಂಪು. ಮೀನಿಗೆ ಬೇಕಾದ್ದು 25ರಿಂದ 27 ಡಿಗ್ರಿ. ಏಪ್ರಿಲ್, ಮೇನಲ್ಲಿ ನಮ್ಮ ಹಾಲ್‌ನಲ್ಲಿ ನೀರು 31, 32 ದಾಟುತ್ತೆ. ಅಕ್ಟೋಬರ್ ಸೆಕೆ ಬೇರೆ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತೆ, ಆದರೆ ಮೀನಿಗೆ ಅದೇ ಹೊತ್ತಲ್ಲಿ ಜಾಸ್ತಿ ಬೇಕು. ಪುಟ್ಟ ಫ್ಯಾನ್ ಹಾಕಿ ನೀರಿನ ಮೇಲೆ ಗಾಳಿ ಬಿಟ್ಟರೆ ಎರಡು ಮೂರು ಡಿಗ್ರಿ ಇಳಿಯುತ್ತೆ. ಪುಣೆಯಲ್ಲಿ, ಬೆಂಗಳೂರಲ್ಲಿ ಇದು ಚೆನ್ನಾಗಿ ನಡೆಯುತ್ತೆ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಬಟ್ಟೆಯೇ ಒಣಗಲ್ಲ, ಇನ್ನು ಟ್ಯಾಂಕಿನ ನೀರು ಎಲ್ಲಿ ಆವಿಯಾಗುತ್ತೆ? ಆದ್ದರಿಂದ ಚಿಲ್ಲರ್ ಬೇಕೇ ಬೇಕು. ನೂರು ಲೀಟರಿಗೆ ಹತ್ತನೇ ಒಂದು ಎಚ್‌ಪಿಯದು ನಡೆಯುತ್ತೆ. ಅದರ ಬೆಲೆ ಟ್ಯಾಂಕಿಗಿಂತ ಜಾಸ್ತಿ ಇರುತ್ತೆ, ಬೆಚ್ಚಿಬೀಳಬೇಡಿ. ಅದನ್ನು ಮುಚ್ಚಿದ ಕಪಾಟಿನೊಳಗೆ ಇಡಬೇಡಿ. ನೀರಿನಿಂದ ತೆಗೆದ ಬಿಸಿಯನ್ನು ಅದು ಹೊರಗೆ ಬಿಡಬೇಕು, ಜಾಗ ಇಲ್ಲದಿದ್ದರೆ ಅದೇ ಬಿಸಿಯಲ್ಲಿ ಸುತ್ತುತ್ತೆ. "ಎಸಿ ಇದೆಯಲ್ಲ" ಅನ್ನೋರಿಗೆ ಒಂದು ಮಾತು. ಎಸಿ ಹಾಕಿದಾಗ 24, ಆರಿಸಿದಾಗ 31, ಹೀಗೆ ದಿನಾ ಏರಿಳಿದರೆ ಅದೂ ಮೀನಿಗೆ ಕಷ್ಟವೇ.

ಕರೆಂಟ್ ಬಿಲ್ ಲೆಕ್ಕ: ಚಿಲ್ಲರ್ 180 ವ್ಯಾಟ್, ದಿನಕ್ಕೆ ಹನ್ನೊಂದು ಗಂಟೆ ಓಡಿದರೆ ಎರಡು ಯೂನಿಟ್. ಪಂಪು, ಲೈಟು, ಸ್ಕಿಮ್ಮರ್ ಸೇರಿ ಇನ್ನೂ ಒಂದೂವರೆ. ತಿಂಗಳಿಗೆ ನೂರು ಯೂನಿಟ್ ಅಂತ ಇಟ್ಟುಕೊಳ್ಳಿ. ಮುಂದಿನ ಸ್ಲ್ಯಾಬ್‌ಗೆ ಹಾರಿದರೆ ದರವೂ ಏರುತ್ತೆ. ಈ ಲೆಕ್ಕ ಮನೆಯವರಿಗೆ ಈಗಲೇ ಹೇಳಿಬಿಡಿ, ಬಿಲ್ ಬಂದ ಮೇಲಲ್ಲ.

ನಾಲ್ಕನೆಯದು ಸ್ವಚ್ಛತೆಯ ಸಾಮಾನು. ಒಂದು ಪ್ರೋಟೀನ್ ಸ್ಕಿಮ್ಮರ್, ಇದು ಕೊಳೆಯೋದಕ್ಕೆ ಮುಂಚೆಯೇ ಕಸವನ್ನು ನೊರೆಯಾಗಿ ಎತ್ತಿ ಹಾಕುತ್ತೆ, ಜೊತೆಗೆ ನೀರಿಗೆ ಗಾಳಿ ಬೆರೆಸುತ್ತೆ. ಒಂದು ವೇವ್‌ಮೇಕರ್. ಲೈವ್ ರಾಕ್ ಬದಲು ಸಿರಾಮಿಕ್ ಕಲ್ಲು, ಹತ್ತು ಕೆಜಿ. ಬ್ಯಾಕ್ಟೀರಿಯಾ ಮನೆ ಮಾಡೋದು ಇದರ ರಂಧ್ರಗಳಲ್ಲೇ. ಅಮೋನಿಯಾ, ನೈಟ್ರೈಟ್, ನೈಟ್ರೇಟ್ ಪರೀಕ್ಷಿಸುವ ಕಿಟ್. ಹಾಗೇ ಪ್ರತಿ ವೈರೂ ಪ್ಲಗ್‌ಗಿಂತ ಕೆಳಗೆ ಒಮ್ಮೆ ಜೋತು ಬಿದ್ದು ಮೇಲೆ ಹೋಗಬೇಕು, ಆಗ ಹನಿ ನೆಲಕ್ಕೆ ಬೀಳುತ್ತೆ, ಸಾಕೆಟ್‌ಗಲ್ಲ. ಮನೆಯಲ್ಲಿ ಆರ್‌ಸಿಸಿಬಿ ಇದೆಯಾ ಅಂತ ಎಲೆಕ್ಟ್ರಿಷಿಯನ್‌ನ ಕೇಳಿ. ಉಪ್ಪುನೀರು ಕರೆಂಟನ್ನು ಚೆನ್ನಾಗಿ ಹಾಯಿಸುತ್ತೆ. ಇದರಲ್ಲಿ ಉಳಿತಾಯ ಮಾಡಬೇಡಿ.

ಐದನೆಯದನ್ನು ಬಹಳ ಜನ ಪಟ್ಟಿಯಲ್ಲೇ ಬರೆಯಲ್ಲ: ಬ್ಯಾಟರಿಯಿಂದ ನಡೆಯುವ ಏರ್ ಪಂಪ್. ಮುಂಬೈಯಲ್ಲಿ ಕರೆಂಟ್ ಹೋಗಲ್ಲ ಅಂತ ನಮಗೆ ಒಂದು ನಂಬಿಕೆ. 2020ರ ಅಕ್ಟೋಬರ್ 12ರಂದು ಗ್ರಿಡ್ ಕೈಕೊಟ್ಟು ಲೋಕಲ್ ರೈಲುಗಳೇ ನಿಂತವು, ಕೆಲವು ಕಡೆ ಗಂಟೆಗಟ್ಟಲೆ ಕರೆಂಟ್ ಇರಲಿಲ್ಲ. ಬಿಸಿ ನೀರು, ನಿಂತ ಪಂಪು, ಕೆಲವೇ ಗಂಟೆ ಸಾಕು ಮೀನು ಉಸಿರುಗಟ್ಟೋಕೆ. ವೈಫೈ ರೂಟರಿಗೆ ಯುಪಿಎಸ್ ಇಟ್ಟುಕೊಂಡಿರೋ ನಾವು ಜೀವ ಇರುವ ಟ್ಯಾಂಕಿಗೆ ಒಂದು ಸಣ್ಣ ಪಂಪ್ ಇಡೋದು ದೊಡ್ಡ ಮಾತಲ್ಲ. ಮತ್ಸ್ಯಗಂಧ ಹತ್ತಿ ಹತ್ತು ದಿನ ಊರಿಗೆ ಹೋಗೋರಿಗೆ ನೀರು ತಾನಾಗಿ ತುಂಬುವ ಆಟೋ ಟಾಪ್ ಅಪ್ ಮತ್ತು ನಂಬಿಕೆಯ ಒಬ್ಬ ಪಕ್ಕದ ಮನೆಯವರು, ಎರಡೂ ಬೇಕು.

ಈಗ ಎಲ್ಲ ಬಂತು ಅಂತಿಟ್ಟುಕೊಳ್ಳಿ. ಅದೇ ಭಾನುವಾರ ಮೀನು ತರಬೇಡಿ. ಕಲ್ಲಿನಲ್ಲಿ ಬ್ಯಾಕ್ಟೀರಿಯಾ ಬೆಳೆದು ಅಮೋನಿಯಾವನ್ನು ನೈಟ್ರೈಟ್ ಮಾಡಿ, ಅದನ್ನು ನೈಟ್ರೇಟ್ ಮಾಡೋಕೆ ನಾಲ್ಕರಿಂದ ಆರು ವಾರ ಬೇಕು. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬರುವ ತನಕ ಖಾಲಿ ಟ್ಯಾಂಕ್ ಓಡಲಿ. ನಿಧಾನವೇ ಪ್ರಧಾನ. ಮಕ್ಕಳಿಗೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಕೊಡಿ, ಕಾಯೋದನ್ನೂ ಕಲೀತಾರೆ.

ಆಮೇಲೆ ಒಂದು ಜೋಡಿ ಕ್ಲೌನ್ ಫಿಶ್. ಅದಕ್ಕೆ ಅನಿಮೋನ್ ಬೇಕೇ ಬೇಕು ಅಂತೇನಿಲ್ಲ. ಸಿನಿಮಾದಲ್ಲಿ ನೋಡಿದ ನೀಲಿ ಟ್ಯಾಂಗ್ ಇಷ್ಟು ಚಿಕ್ಕ ಟ್ಯಾಂಕಿಗೆ ಆಗಲ್ಲ. ಕೊಳ್ಳುವಾಗ "ಇದು ಹ್ಯಾಚರಿಯದ್ದಾ, ಸಮುದ್ರದಿಂದ ಹಿಡಿದದ್ದಾ?" ಅಂತ ಕೇಳಿ. ನಮ್ಮ ದೇಶದ ಸಿಎಂಎಫ್‌ಆರ್‌ಐ ವಿಜ್ಞಾನಿಗಳು ಕ್ಲೌನ್ ಫಿಶ್ ಮರಿ ಮಾಡಿಸುವ ವಿಧಾನವನ್ನು ಯಾವತ್ತೋ ಸಿದ್ಧಪಡಿಸಿದ್ದಾರೆ. ನಿಮ್ಮ ಐರೋಲಿ ಆಫೀಸಿನ ಹತ್ತಿರ, ಫ್ಲೆಮಿಂಗೊ ನೋಡೋಕೆ ದೋಣಿ ಹೊರಡುತ್ತಲ್ಲ, ಆ ಕರಾವಳಿ ಜೀವವೈವಿಧ್ಯ ಕೇಂದ್ರದಲ್ಲೂ ಅಲಂಕಾರಿಕ ಸಮುದ್ರ ಮೀನಿನ ಹ್ಯಾಚರಿ ಮಾಡಿದ್ದಾರೆ. ಹ್ಯಾಚರಿ ಮೀನು ಗಾಜಿನೊಳಗೇ ಹುಟ್ಟಿದ್ದು, ಒಣ ಆಹಾರ ತಿನ್ನುತ್ತೆ, ಗಟ್ಟಿಯಾಗಿ ಬದುಕುತ್ತೆ. ಕಡಲಿನಿಂದ ಒಂದು ಮೀನೂ ಕಮ್ಮಿಯಾಗಲ್ಲ.

ಬಜೆಟ್ ಸಾಲದಿದ್ದರೆ ಏನು ಬಿಡಬಹುದು ಅಂತ ಕೇಳ್ತೀರಿ. ಲೈಟ್ ಸಾದಾ ಮಾಡಿ, ಸ್ಟ್ಯಾಂಡ್ ಸಾದಾ ಮಾಡಿ, ಮೀನಿನ ಸಂಖ್ಯೆ ಕಡಿಮೆ ಮಾಡಿ. ಚಿಲ್ಲರ್ ಬಿಡಬೇಡಿ. ಅದಕ್ಕೆ ಈಗ ದುಡ್ಡಿಲ್ಲ ಅಂದರೆ ಬೋನಸ್ ಬರುವ ತನಕ ತಡೀರಿ, ಅಷ್ಟರಲ್ಲಿ ಸಿಹಿನೀರಿನ ಗಪ್ಪಿ ಸಾಕಿ. ಗಪ್ಪಿಗೆ ನಮ್ಮ ಸೆಕೆ ಒಗ್ಗುತ್ತೆ.

ಮುಂದಿನ ಸಲ ನೀರು ಪರೀಕ್ಷೆ ಮಾಡೋದು ಹೇಗೆ ಅಂತ ಹೆಜ್ಜೆ ಹೆಜ್ಜೆಯಾಗಿ ನೋಡೋಣ. ಅಲ್ಲೀತನಕ ಟ್ಯಾಂಕಿನ ಜಾಗ ಅಳೆದಿಡಿ, ಒಂದು ಥರ್ಮಾಮೀಟರ್ ತಂದು ಆ ಜಾಗದಲ್ಲಿ ಒಂದು ಬಕೆಟ್ ನೀರಿಟ್ಟು ವಾರಪೂರ್ತಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಬರೆದಿಡಿ. ಚಿಲ್ಲರ್ ಎಷ್ಟು ದುಡಿಯಬೇಕು ಅಂತ ಆ ಬಕೆಟ್ಟೇ ಹೇಳುತ್ತೆ.