ತಾನೇ ತೆರೆದುಕೊಳ್ಳುವ ಪುಟ್ಟ ಬಾಗಿಲು

ಮಕ್ಕಳೇ, ಹಳೆಯ ಕಾರುಗಳ ಎಂಜಿನ್ ಮೇಲೆ ಒಂದು ಪುಟ್ಟ ತಗಡಿನ ಬಾಗಿಲು ಇರುತ್ತಿತ್ತು ಅಂದರೆ ನಂಬುತ್ತೀರಾ? ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಅದು ಮುಚ್ಚಿಕೊಂಡಿರುತ್ತದೆ. ಎಂಜಿನ್ ಬಿಸಿಯಾಗುತ್ತ ಹೋದ ಹಾಗೆ ಯಾರೂ ಮುಟ್ಟದೆ ತಾನಾಗಿಯೇ ತೆರೆದುಕೊಳ್ಳುತ್ತದೆ. ಅದರ ಹೆಸರು ಚೋಕ್. ಬನ್ನಿ, ಇವತ್ತು ಅದನ್ನು ಹತ್ತಿರದಿಂದ ನೋಡೋಣ.

ನೋಡುವುದಕ್ಕೆ ನಾನು ಆರಿಸಿಕೊಂಡಿರುವ ಕಾರು ಫೋಕ್ಸ್‌ವ್ಯಾಗನ್ ಬೀಟಲ್. ಮೈಯೆಲ್ಲ ದುಂಡುದುಂಡಗಿರುವ, ಜರ್ಮನಿಯಲ್ಲಿ ಹುಟ್ಟಿ ಲೋಕವೆಲ್ಲ ಓಡಾಡಿದ ಕಾರು. 2003ರಲ್ಲಿ ಮೆಕ್ಸಿಕೋದಲ್ಲಿ ಕೊನೆಯದು ತಯಾರಾಗುವ ಹೊತ್ತಿಗೆ ಒಟ್ಟು ಎರಡು ಕೋಟಿ ಹದಿನೈದು ಲಕ್ಷಕ್ಕೂ ಹೆಚ್ಚು ಬೀಟಲ್‌ಗಳು ಆಗಿದ್ದವು. ಇದರ ಎಂಜಿನ್ ಮುಂದೆ ಇಲ್ಲ, ಹಿಂದೆ ಇದೆ. ಆ ಎಂಜಿನ್ನನ್ನು ಗೇರ್‌ಬಾಕ್ಸಿಗೆ ಹಿಡಿದುಕೊಂಡಿರುವುದು ಬರೀ ನಾಲ್ಕು ಬೋಲ್ಟು. ಅದಕ್ಕೇ ಬೀಟಲ್ ಇಟ್ಟುಕೊಂಡವರು ಹಳೆಯ ಎಂಜಿನ್ ಇಳಿಸಿ, ಆಮೇಲಿನ ಕಾಲದ ಹೆಚ್ಚು ಶಕ್ತಿಯ ಎಂಜಿನ್ ಏರಿಸುವುದು ಎಷ್ಟೋ ದೇಶಗಳಲ್ಲಿ ನಡೆದುಬಂದಿದೆ.

ನಮ್ಮ ಕಾರು 1959ರದ್ದು ಅಂತ ಇಟ್ಟುಕೊಳ್ಳಿ. ಅದಕ್ಕೀಗ 1970ರ ದಶಕದ 1584 ಸಿಸಿ ಎಂಜಿನ್ ಕೂರಿಸಿದ್ದಾರೆ. 1959ರ ಬೀಟಲ್‌ನಲ್ಲಿ ಚೋಕ್ ಬಾಗಿಲಿಗೆ ಒಂದು ಕೇಬಲ್ ಇತ್ತು, ಅದರ ತುದಿಯ ಗುಂಡಿಯನ್ನು ಡ್ರೈವರ್ ಕೈಯಿಂದ ಎಳೆಯಬೇಕಿತ್ತು. ಹೊಸ ಎಂಜಿನ್ನಿನ ಬಾಗಿಲಿಗೆ ಕೇಬಲ್ ಸಿಕ್ಕಿಸುವ ಜಾಗವೇ ಇಲ್ಲ. ಅದು ವಿದ್ಯುತ್ ಚೋಕ್. ಹಾಗಾದರೆ ಈ ಬಾಗಿಲಿಗೆ ಯಾವಾಗ ಮುಚ್ಚಬೇಕು, ಯಾವಾಗ ತೆರೆಯಬೇಕು ಅಂತ ಹೇಳುವವರು ಯಾರು?

ಮೊದಲು, ಬಾಗಿಲು ಯಾಕೆ ಬೇಕು ಅನ್ನುವುದನ್ನು ನೋಡಿಬಿಡೋಣ. ಎಂಜಿನ್ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಆ ಗಾಳಿ ಕಾರ್ಬೋರೇಟರ್ ಅನ್ನುವ ಸಾಧನದ ಇಕ್ಕಟ್ಟಾದ ಗಂಟಲಿನಲ್ಲಿ ರಭಸವಾಗಿ ನುಗ್ಗುವಾಗ, ಅಲ್ಲಿರುವ ಸಣ್ಣ ತೂತಿನಿಂದ ಪೆಟ್ರೋಲ್ ಎದ್ದು ಬಂದು ಗಾಳಿಯ ಜೊತೆ ಸೇರುತ್ತದೆ. ಎಂಜಿನ್ ಬಿಸಿಯಾಗಿದ್ದಾಗ ಒಂದು ಗ್ರಾಂ ಪೆಟ್ರೋಲಿಗೆ ಸುಮಾರು ಹದಿನೈದು ಗ್ರಾಂ ಗಾಳಿ ಇದ್ದರೆ ಚೆನ್ನಾಗಿ ಉರಿಯುತ್ತದೆ.

ಉರಿಯುವುದು ಪೆಟ್ರೋಲಿನ ಹನಿಯಲ್ಲ, ಅದರ ಆವಿ. ಇದನ್ನು ನೆನಪಿನಲ್ಲಿಡಿ. ತಣ್ಣಗಿನ ಬೆಳಿಗ್ಗೆ ಎಂಜಿನ್ನಿನ ಕೊಳವೆಗಳೆಲ್ಲ ತಣ್ಣಗಿರುತ್ತವೆ. ಪೆಟ್ರೋಲ್ ಆವಿಯಾಗದೆ ಹನಿಹನಿಯಾಗಿ ಕೊಳವೆಯ ಗೋಡೆಗೆ ಅಂಟಿಕೊಳ್ಳುತ್ತದೆ. ಒಳಗೆ ಕಿಡಿ ಹಾರುತ್ತದೆ, ಆದರೆ ಹೊತ್ತಿಕೊಳ್ಳುವಷ್ಟು ಆವಿ ಇರುವುದಿಲ್ಲ. ಇದಕ್ಕೆ ಉಪಾಯ ಒಂದೇ: ಪೆಟ್ರೋಲನ್ನೇ ಧಾರಾಳವಾಗಿ ಕೊಡುವುದು. ಹೆಚ್ಚು ಕೊಟ್ಟರೆ ಅದರಲ್ಲಿ ಆವಿಯಾಗುವ ಪಾಲೂ ಹೆಚ್ಚುತ್ತದೆ.

ಪುಟ್ಟ ಬಾಗಿಲು ಮಾಡುವುದು ಈ ಕೆಲಸವನ್ನೇ. ಅದು ಕಾರ್ಬೋರೇಟರಿನ ಬಾಯಿಯನ್ನು ಮುಚ್ಚಿದಾಗ ಹೊರಗಿನ ಗಾಳಿ ಕಡಿಮೆ ಬರುತ್ತದೆ. ಎಂಜಿನ್ ಮಾತ್ರ ಎಳೆಯುವುದನ್ನು ನಿಲ್ಲಿಸುವುದಿಲ್ಲ. ಆ ಸೆಳೆತವೆಲ್ಲ ಪೆಟ್ರೋಲಿನ ತೂತಿನ ಮೇಲೆ ಬೀಳುತ್ತದೆ, ಪೆಟ್ರೋಲ್ ಜಾಸ್ತಿ ಬರುತ್ತದೆ. ಬಿಸಿಯಾದ ಮೇಲೂ ಬಾಗಿಲು ಮುಚ್ಚಿಯೇ ಇದ್ದರೆ ಪೆಟ್ರೋಲ್ ಅತಿಯಾಗಿ ಕಪ್ಪು ಹೊಗೆ ಬರುತ್ತದೆ, ಸ್ಪಾರ್ಕ್ ಪ್ಲಗ್ಗಿಗೆ ಮಸಿ ಹಿಡಿಯುತ್ತದೆ. ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಹಳೆಯ ಬೈಕ್ ಇದ್ದರೆ ಕೇಳಿ ನೋಡಿ. ಚಳಿಗಾಲದಲ್ಲಿ ಚೋಕ್ ಎಳೆದು ಕಿಕ್ ಹೊಡೆಯುವುದು, ಸ್ವಲ್ಪ ಹೊತ್ತಾದ ಮೇಲೆ ಮರೆಯದೆ ಚೋಕನ್ನು ವಾಪಸ್ ತಳ್ಳುವುದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಈಗ ನನಗೆ ತುಂಬ ಇಷ್ಟವಾದ ಭಾಗಕ್ಕೆ ಬಂದೆವು. ಆ ಬಾಗಿಲಿನ ಪಕ್ಕದಲ್ಲಿ ದುಂಡಗಿನ ಒಂದು ಡಬ್ಬಿ ಇದೆ. ಅದರೊಳಗೆ ಸುರುಳಿ ಸುತ್ತಿದ ಒಂದು ಲೋಹದ ಪಟ್ಟಿ. ನೋಡಲು ಒಂದೇ ಪಟ್ಟಿ ಅನ್ನಿಸಿದರೂ ಅದು ಎರಡು ಬೇರೆಬೇರೆ ಲೋಹಗಳನ್ನು ಬೆನ್ನಿಗೆ ಬೆನ್ನು ಬೆಸೆದು ಮಾಡಿದ್ದು. ಬಿಸಿ ಮಾಡಿದರೆ ಎಲ್ಲ ಲೋಹವೂ ಒಂದಿಷ್ಟು ಉದ್ದವಾಗುತ್ತದೆ. ಆದರೆ ಎಲ್ಲವೂ ಒಂದೇ ಅಳತೆಯಲ್ಲಿ ಅಲ್ಲ.

ಶಾಲೆಯ ಮೈದಾನದಲ್ಲಿ ಸುಣ್ಣದಿಂದ ಗೀಚಿದ ಓಟದ ಗೆರೆಗಳನ್ನು ನೆನಪಿಸಿಕೊಳ್ಳಿ. ತಿರುವಿನಲ್ಲಿ ಒಳಗಿನ ಗೆರೆಯಲ್ಲಿ ಓಡುವವರಿಗೆ ದಾರಿ ಕಡಿಮೆ, ಹೊರಗಿನ ಗೆರೆಯವರಿಗೆ ದಾರಿ ಜಾಸ್ತಿ. ಇದನ್ನೇ ತಿರುಗಿಸಿ ಯೋಚಿಸಿ. ಅಕ್ಕಪಕ್ಕ ಅಂಟಿಕೊಂಡಿರುವ ಎರಡು ಗೆರೆಗಳಲ್ಲಿ ಒಂದು ಉದ್ದ, ಇನ್ನೊಂದು ಗಿಡ್ಡ ಆಗಿಬಿಟ್ಟರೆ ಅವು ನೇರವಾಗಿ ಇರಲು ಸಾಧ್ಯವೇ? ಉದ್ದದ್ದು ಹೊರಗೆ, ಗಿಡ್ಡದ್ದು ಒಳಗೆ ಬರುವಂತೆ ಬಾಗಲೇಬೇಕು. ಪಟ್ಟಿಯಲ್ಲೂ ಅದೇ ಆಗುತ್ತದೆ. ಬಿಸಿ ತಾಗಿದಾಗ ಹೆಚ್ಚು ಹಿಗ್ಗುವ ಲೋಹ ಹೊರಮೈಗೆ ಹೋಗಿ, ಪಟ್ಟಿ ಬಾಗುತ್ತದೆ. ಸುರುಳಿ ಸುತ್ತಿದ ಪಟ್ಟಿಯಾದರೆ ಅದರ ತುದಿ ತಿರುಗುತ್ತದೆ. ಆ ತುದಿಯನ್ನೇ ಬಾಗಿಲಿನ ಸಣ್ಣ ಕೈಗೆ ಕೊಕ್ಕೆ ಹಾಕಿಟ್ಟಿದ್ದಾರೆ!

ನೀವೇ ಮಾಡಿ ನೋಡಬಹುದು. ಚಪಾತಿ ಸುತ್ತುವ ಅಲ್ಯೂಮಿನಿಯಂ ಹಾಳೆಯನ್ನು ಬಿಳಿ ಕಾಗದಕ್ಕೆ ಸಪಾಟಾಗಿ ಅಂಟಿಸಿ. ಚೆನ್ನಾಗಿ ಒಣಗಿದ ಮೇಲೆ ಬೆರಳಗಲದ ಉದ್ದ ಪಟ್ಟಿ ಕತ್ತರಿಸಿ. ಅಮ್ಮನೋ ಅಜ್ಜಿಯೋ ಪಕ್ಕದಲ್ಲಿದ್ದಾಗ ಮಾತ್ರ, ಒಲೆ ಆರಿಸಿದ ಬಿಸಿ ಕಾವಲಿಯ ಮೇಲೆ ಒಂದು ಗೇಣು ಎತ್ತರದಲ್ಲಿ ಇಕ್ಕಳದಿಂದ ಹಿಡಿಯಿರಿ. ಪಟ್ಟಿ ನಿಧಾನವಾಗಿ ಕಾಗದದ ಕಡೆಗೆ ಬಾಗುತ್ತದೆ. ಅಲ್ಯೂಮಿನಿಯಂ ಕಾಗದಕ್ಕಿಂತ ಹೆಚ್ಚು ಹಿಗ್ಗಿದ್ದಕ್ಕೆ ಹಾಗೆ. ಕಾವಿಗೆ ಕಾಗದದ ತೇವ ಆರಿ ಅದು ಒಂದಿಷ್ಟು ಕುಗ್ಗುವುದೂ ಇದಕ್ಕೆ ಕೂಡಿಕೊಳ್ಳುತ್ತದೆ. ಎರಡು ಲೋಹ ಬೆಸೆಯುವ ಈ ಉಪಾಯವನ್ನು ಮೊದಲು ಕಂಡುಕೊಂಡವರು ಇಂಗ್ಲೆಂಡಿನ ಗಡಿಯಾರ ತಯಾರಕ ಜಾನ್ ಹ್ಯಾರಿಸನ್, 18ನೇ ಶತಮಾನದಲ್ಲಿ. ಸೆಖೆ, ಚಳಿ ಏನೇ ಬಂದರೂ ಸಮುದ್ರದ ಮೇಲೆ ಗಡಿಯಾರ ತಪ್ಪು ಹೇಳಬಾರದು ಅಂತ ಅವರು ಪಟ್ಟ ಪಾಡಿನ ಫಲ ಅದು. ನಿಮ್ಮ ಮನೆಯ ಇಸ್ತ್ರಿಪೆಟ್ಟಿಗೆಯಲ್ಲಿ ಟಿಕ್ ಅನ್ನುವುದೂ ಇಂಥದೇ ಪಟ್ಟಿ.

ಸರಿ, ಪಟ್ಟಿ ಬಿಸಿಗೆ ತಿರುಗುತ್ತದೆ. ಅದನ್ನು ಬಿಸಿ ಮಾಡುವವರು ಯಾರು? ಇಲ್ಲೇ ವಿದ್ಯುತ್ತು ಬರುವುದು. ಆ ದುಂಡು ಡಬ್ಬಿಯೊಳಗೆ ಒಂದು ಪುಟಾಣಿ ಹೀಟರ್ ಇದೆ. ಕಾರಿನ ಕೀ ತಿರುಗಿಸಿದಾಗ ಅದಕ್ಕೆ ವಿದ್ಯುತ್ ಹರಿಯುತ್ತದೆ, ಸುರುಳಿ ಮೆಲ್ಲಗೆ ಕಾಯುತ್ತದೆ, ಕೆಲವು ನಿಮಿಷಗಳಲ್ಲಿ ಬಾಗಿಲು ಪೂರ್ತಿ ತೆರೆದು ನೆಟ್ಟಗೆ ನಿಲ್ಲುತ್ತದೆ.

ಒಂದು ಸೂಕ್ಷ್ಮ ಗಮನಿಸಿದಿರಾ? ಈ ಸುರುಳಿ ಎಂಜಿನ್ನನ್ನು ಮುಟ್ಟಿ ನೋಡುವುದೇ ಇಲ್ಲ! ಎಂಜಿನ್ ಕಾಯಲು ಹಿಡಿಯುವಷ್ಟೇ ಹೊತ್ತಿನಲ್ಲಿ ತಾನೂ ಕಾಯುವ ಹಾಗೆ ಅದನ್ನು ಲೆಕ್ಕ ಹಾಕಿ ಮಾಡಿದ್ದಾರೆ. ಅಂದರೆ ಅದು ಅಳೆಯುತ್ತಿರುವುದು ಎಂಜಿನ್ನಿನ ಬಿಸಿಯನ್ನಲ್ಲ, ಕೀ ತಿರುಗಿಸಿ ಎಷ್ಟು ಹೊತ್ತಾಯಿತು ಅನ್ನುವುದನ್ನು. ಬೇಸಿಗೆಯಾದರೆ ಸುರುಳಿ ಮೊದಲೇ ಬೆಚ್ಚಗಿರುವುದರಿಂದ ಬಾಗಿಲು ಬೇಗ ತೆರೆಯುತ್ತದೆ, ಅದೂ ಸರಿಯೇ. ಆದರೆ ಯಾರಾದರೂ ಕೀ ತಿರುಗಿಸಿ ಎಂಜಿನ್ ಸ್ಟಾರ್ಟ್ ಮಾಡದೆ ಮಾತಾಡುತ್ತ ಕೂತರೆ? ಎಂಜಿನ್ ತಣ್ಣಗೇ ಇದ್ದರೂ ಬಾಗಿಲು ತೆರೆದುಬಿಡುತ್ತದೆ.

ಈ ವಿಷಯ ಗೊತ್ತಾದರೆ ವೈರನ್ನು ಎಲ್ಲಿಗೆ ಕೊಡಬೇಕು ಅಂತ ನೀವೇ ಹೇಳಬಲ್ಲಿರಿ. ನೇರವಾಗಿ ಬ್ಯಾಟರಿಗೆ ಕೊಟ್ಟರೆ ರಾತ್ರಿಯೆಲ್ಲ ಹೀಟರ್ ಉರಿದು ಬ್ಯಾಟರಿ ಖಾಲಿಯಾಗುತ್ತದೆ. ಕೀ ತಿರುಗಿಸಿದಾಗ ಮಾತ್ರ ವಿದ್ಯುತ್ ಬರುವ ಜಾಗ ಬೇಕು. ಬೀಟಲ್‌ನಲ್ಲಿ ಆ ಜಾಗ ಹತ್ತಿರದಲ್ಲೇ ಇದೆ. ಕಿಡಿಗೆ ಶಕ್ತಿ ಕೊಡುವ ಇಗ್ನಿಷನ್ ಕಾಯಿಲ್‌ಗೆ ಎರಡು ತುದಿಗಳಿದ್ದು, ಅವುಗಳ ಮೇಲೆ 15 ಮತ್ತು 1 ಅಂತ ಬರೆದಿರುತ್ತದೆ. 15ಕ್ಕೆ ಕೀಯಿಂದ ನೇರವಾಗಿ ವಿದ್ಯುತ್ ಬರುತ್ತದೆ. 1ರಲ್ಲಿ ವಿದ್ಯುತ್ತು ಕಿಡಿ ಹಾರಿಸಲೆಂದು ಕ್ಷಣಕ್ಷಣಕ್ಕೂ ಕಡಿದು ಕೂಡುತ್ತಿರುತ್ತದೆ. ಚೋಕಿನ ವೈರ್ ಹೋಗಬೇಕಾದ್ದು 15ಕ್ಕೆ. ಒಂದು ಗಿಡ್ಡ ವೈರ್ ಸಾಕು. ಎಲ್ಲ ಕಾರುಗಳಿಗೂ ಇದೇ ದಾರಿ ಅಂದುಕೊಳ್ಳಬೇಡಿ. 1960ರ ದಶಕದ ಎಷ್ಟೋ ಅಮೆರಿಕನ್ ಕಾರುಗಳಲ್ಲಿ ಕಾಯಿಲ್‌ಗೆ ಬರುವ ವಿದ್ಯುತ್ತನ್ನು ಬೇಕೆಂದೇ ತಗ್ಗಿಸಿ ಕಳಿಸುತ್ತಾರೆ. ಅಲ್ಲಿ ಚೋಕಿಗೆ ಬೇರೆ ಜಾಗ ಹುಡುಕಬೇಕು.

ನಮ್ಮ 1959ರ ಕಾರಿನಲ್ಲಿ ಇನ್ನೊಂದು ತೊಡಕಿದೆ. ಅದರ ಬ್ಯಾಟರಿ 6 ವೋಲ್ಟಿನದು. ಹೊಸ ಎಂಜಿನ್ ಜೊತೆ ಬಂದ ಹೀಟರ್ 12 ವೋಲ್ಟಿಗೆ ಮಾಡಿದ್ದು. ವೋಲ್ಟು ಅರ್ಧ ಆದರೆ ಬಿಸಿಯೂ ಅರ್ಧ ಅಂತ ಅನ್ನಿಸುತ್ತದೆ ಅಲ್ಲವೇ? ಹಾಗಲ್ಲ. ತಳ್ಳುವ ಬಲ ಅರ್ಧವಾದಾಗ ಹರಿಯುವ ವಿದ್ಯುತ್ತೂ ಅರ್ಧವಾಗುತ್ತದೆ. ಅರ್ಧದಲ್ಲಿ ಅರ್ಧ ಅಂದರೆ ಕಾಲು! ಸುಮಾರು ಕಾಲು ಭಾಗ ಬಿಸಿ ಮಾತ್ರ ಸಿಕ್ಕರೆ ಸುರುಳಿ ಕಾಯುವುದು ಯಾವಾಗ, ಬಾಗಿಲು ತೆರೆಯುವುದು ಯಾವಾಗ? ಆದ್ದರಿಂದ ಇಡೀ ಕಾರನ್ನು 12 ವೋಲ್ಟಿಗೆ ಬದಲಾಯಿಸಬೇಕು, ಇಲ್ಲವೇ 6 ವೋಲ್ಟಿನ ಹೀಟರ್ ಡಬ್ಬಿ ತಂದು ಹಾಕಬೇಕು. ಮೂರು ಸಣ್ಣ ಸ್ಕ್ರೂ ಬಿಚ್ಚಿದರೆ ಡಬ್ಬಿ ಕೈಗೆ ಬರುತ್ತದೆ.

ವಿದ್ಯುತ್ತಿಗೆ ಹೋಗುವ ದಾರಿ ಮಾಡಿಕೊಟ್ಟರೆ ಸಾಲದು, ಬ್ಯಾಟರಿಗೆ ಮರಳುವ ದಾರಿಯೂ ಬೇಕು. ಚೋಕಿಗೆ ವೈರ್ ಒಂದೇ ಇದೆಯಲ್ಲ, ಮರಳುವುದು ಹೇಗೆ? ಕಾರಿನ ಲೋಹದ ಮೈಯೇ ಆ ದಾರಿ. ಮೆಕ್ಯಾನಿಕ್ಕುಗಳು ಅದಕ್ಕೆ ಅರ್ಥ್ ಅನ್ನುತ್ತಾರೆ. ಡಬ್ಬಿಯಿಂದ ಕಾರ್ಬೋರೇಟರಿಗೆ, ಅಲ್ಲಿಂದ ಎಂಜಿನ್ನಿಗೆ, ಗೇರ್‌ಬಾಕ್ಸಿಗೆ, ಬಾಡಿಗೆ, ಕೊನೆಗೆ ಹಿಂದಿನ ಸೀಟಿನ ಕೆಳಗಿರುವ ಬ್ಯಾಟರಿಗೆ. ಆದರೆ ಗೇರ್‌ಬಾಕ್ಸ್ ರಬ್ಬರ್ ಮೆತ್ತೆಗಳ ಮೇಲೆ ಕೂತಿದೆ, ರಬ್ಬರಿನಲ್ಲಿ ವಿದ್ಯುತ್ ಹರಿಯದು. ಅದನ್ನು ದಾಟಿಸಲೆಂದೇ ತಂತಿ ಹೆಣೆದು ಮಾಡಿದ ಒಂದು ಚಪ್ಪಟೆ ಪಟ್ಟಿ ಗೇರ್‌ಬಾಕ್ಸಿನಿಂದ ಬಾಡಿಗೆ ಇರುತ್ತದೆ. ಗೇರ್‌ಬಾಕ್ಸನ್ನೂ ಇಳಿಸಿ ಏರಿಸಿದಾಗ ಅದನ್ನು ಮರಳಿ ಸಿಕ್ಕಿಸದೆ ಬಿಟ್ಟರೆ, ಎಂಜಿನ್ನನ್ನು ಮೊದಲು ತಿರುಗಿಸುವ ಸ್ಟಾರ್ಟರಿನ ಭಾರಿ ವಿದ್ಯುತ್ತು ಬೇರೆ ದಾರಿ ಕಾಣದೆ ಆಕ್ಸಿಲರೇಟರ್ ಕೇಬಲ್ಲಿನ ಮೂಲಕ ಹರಿದು ಆ ಕೇಬಲ್ ಸುಡುವಷ್ಟು ಬಿಸಿಯಾಗುವುದುಂಟು.

ಎಲ್ಲ ಜೋಡಿಸಿ ಆದ ಮೇಲೆ ಪರೀಕ್ಷೆ. ರಾತ್ರಿಯೆಲ್ಲ ನಿಂತು ತಣಿದ ಕಾರಿನ ಬಳಿ ಇಬ್ಬರು ಬೇಕು. ಒಬ್ಬರು ಕಾರ್ಬೋರೇಟರಿನ ಮೇಲಿನ ಏರ್ ಕ್ಲೀನರ್ ತೆಗೆದು ಬಾಗಿಲನ್ನೇ ನೋಡುತ್ತಿರುತ್ತಾರೆ. ಇನ್ನೊಬ್ಬರು ಆಕ್ಸಿಲರೇಟರನ್ನು ಒಮ್ಮೆ ಒತ್ತಿ ಬಿಡುತ್ತಾರೆ. ಬಾಗಿಲನ್ನು ತಡೆದಿಟ್ಟಿದ್ದ ಆಕ್ಸಿಲರೇಟರ್ ಜೋಡಣೆಯ ಹಿಡಿತ ಸಡಿಲವಾಗಿ ಅದು ಟಪ್ ಎಂದು ಮುಚ್ಚಬೇಕು. ಕೀ ತಿರುಗಿಸಿ ಎಂಜಿನ್ ಸ್ಟಾರ್ಟ್ ಮಾಡಿದರೆ ಬಾಗಿಲು ಕೂದಲೆಳೆಯಷ್ಟು ಸಂದು ಬಿಟ್ಟು, ಆಮೇಲೆ ಇನ್ನಷ್ಟು, ಮತ್ತಷ್ಟು ವಾಲುತ್ತ ನೆಟ್ಟಗಾಗುತ್ತದೆ. ಬಾಗಿಲು ಮುಚ್ಚಿಯೇ ಉಳಿದರೆ ಹೀಟರಿಗೆ ವಿದ್ಯುತ್ ಬರುತ್ತಿಲ್ಲ, ವೈರನ್ನೂ ಅರ್ಥನ್ನೂ ನೋಡಬೇಕು. ಬೆರಳು ತಾಗಿಸಿದರೆ ಸಾಕು, ಬಾಗಿಲು ಎತ್ತ ಬೇಕಾದರೂ ಲೊಟಲೊಟ ಆಡುತ್ತಿದ್ದರೆ ವೈರ್ ಹುಡುಕುವುದೇ ಬೇಡ. ಡಬ್ಬಿ ಹಾಕುವಾಗ ಸುರುಳಿಯ ತುದಿಯ ಕೊಕ್ಕೆ ಬಾಗಿಲಿನ ಕೈಗೆ ಸಿಕ್ಕಿಕೊಂಡಿಲ್ಲ ಅಷ್ಟೇ. ಮೂರು ಸ್ಕ್ರೂ ಬಿಚ್ಚಿ ಮತ್ತೆ ಸಿಕ್ಕಿಸಿದರೆ ಆಯಿತು.