ಹಿಡಿ, ಬಿಡು: ನಮ್ಮ ಶಾಲೆಯ ಆಟದ ದಿನ

 

ನನಗೆ ಕೊಟ್ಟಿರೋ ವಿಷಯ ಮಕ್ಕಳು ಮತ್ತು ಮನೆಮಾತು. ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಕ್ಲರ್ಕ್ ಆದವನು. ಕನ್ನಡ ಅಕ್ಷರ ಕಲಿತದ್ದೇ ಕೆಲಸ ಸಿಕ್ಕಿದ ಮೇಲೆ, ರಾತ್ರಿ ಹೊತ್ತು ಮೊಬೈಲ್ ನೋಡಿಕೊಂಡು. ಹಾಗಾಗಿ ದೊಡ್ಡ ಮಾತು ಬೇಡ. ನನಗೆ ಚೆನ್ನಾಗಿ ಗೊತ್ತಿರೋ ಒಂದೇ ಒಂದು ಜಾಗದ ಬಗ್ಗೆ ಹೇಳ್ತೀನಿ. ಅದು ಶಾಲೆಯ ಮೈದಾನ, ಅದರಲ್ಲೂ ವರ್ಷಕ್ಕೊಂದು ಸಲ ಬರೋ ಆಟದ ದಿನ.

ನಮ್ಮದು ಕಂಬಂ ಕಣಿವೆಯ ಶಾಲೆ. ಮೈದಾನ ಚಿಕ್ಕದು, 400 ಮೀಟರ್ ಟ್ರ್ಯಾಕ್ ಹಿಡಿಸ್ತಿರಲಿಲ್ಲ. ಸುಣ್ಣದ ಪುಡಿಯಲ್ಲಿ 200 ಮೀಟರಿನದು ಹಾಕಿ ಎರಡು ಸುತ್ತು ಓಡಿಸ್ತಿದ್ರು. ಹಿಂದಿನ ದಿನ ಸಂಜೆ ಆ ಗೆರೆ ಹಾಕೋ ಕೆಲಸಕ್ಕೆ ನಾವೇ ಜಗಳ ಆಡ್ತಿದ್ವಿ. ಲೆಮನ್ ಸ್ಪೂನ್, ಗೋಣಿಚೀಲದ ಓಟ, ನಿಧಾನ ಸೈಕಲ್, ಕಬಡ್ಡಿ, ಕೊನೆಗೆ ಹಗ್ಗ ಎಳೆಯೋದು. ಗೆದ್ದವರಿಗೆ ಎವರ್‌ಸಿಲ್ವರ್ ಲೋಟ ಇಲ್ಲಾ ಸೋಪ್ ಡಬ್ಬಿ. ನಮ್ಮ ಮನೇಲಿ ಈಗಲೂ ಅಂಥ ನಾಲ್ಕು ಲೋಟ ಇದೆ. ಮೂರು ನಮ್ಮ ಅಕ್ಕ ಗೆದ್ದದ್ದು.

ಮಕ್ಕಳನ್ನು ನಾಲ್ಕು ತಂಡ ಮಾಡ್ತಿದ್ರು. ಹೆಸರು ಚೇರ, ಚೋಳ, ಪಾಂಡ್ಯ, ಪಲ್ಲವ. ಇಲ್ಲಿ ಓದಿದವರಿಗೆಲ್ಲ ಗೊತ್ತಿರುತ್ತೆ, ನಗ್ತಿದ್ದೀರಲ್ಲ. ನಾನು ಪಲ್ಲವ, ನೀಲಿ ಬಾವುಟ. ನಮ್ಮ ಬೀದಿಯ ಕನ್ನಡ ಹುಡುಗರೆಲ್ಲ ಎದೆ ಉಬ್ಬಿಸಿ ಪಲ್ಲವ, ಪಲ್ಲವ ಅಂತ ಕೂಗ್ತಿದ್ವಿ. ಪಲ್ಲವರ ಎದುರಾಳಿಗಳು ಬಾದಾಮಿ ಚಾಲುಕ್ಯರು ಅನ್ನೋದು ಆಗ ಯಾರಿಗೆ ಗೊತ್ತು! ಪಾಠದಲ್ಲಿ ನರಸಿಂಹವರ್ಮ ವಾತಾಪಿ ಗೆದ್ದ ಅಂತ ಓದಿ ಚಪ್ಪಾಳೆ ತಟ್ಟಿದ್ವಿ. ಆ ವಾತಾಪಿನೇ ಬಾದಾಮಿ ಅಂತ ಗೊತ್ತಾಗೋಕೆ ನನಗೆ ಮೂವತ್ತು ವರ್ಷ ಬೇಕಾಯ್ತು.

ಬಾದಾಮಿಗೆ ಹೋದಾಗ ನೋಡಿದೆ, 642ರಲ್ಲಿ ಇಮ್ಮಡಿ ಪುಲಿಕೇಶಿಯನ್ನು ಸೋಲಿಸಿದ ಆ ನರಸಿಂಹವರ್ಮನ ಶಾಸನ ಅಲ್ಲಿನ ಬಂಡೆ ಮೇಲೆ ಈಗಲೂ ಇದೆ. ಸುಮಾರು ನೂರು ವರ್ಷ ಆದಮೇಲೆ ಚಾಲುಕ್ಯ ಇಮ್ಮಡಿ ವಿಕ್ರಮಾದಿತ್ಯ ಕಂಚಿ ಗೆದ್ದ. ಅವನು ಕಂಚಿಯ ಕೈಲಾಸನಾಥ ದೇವಸ್ಥಾನದ ಕಂಬದಲ್ಲಿ ಕನ್ನಡದಲ್ಲಿ ಬರೆಸಿ ಬಂದಿದ್ದಾನೆ. ದೇವರ ಒಡವೆ ನೋಡಿ ಅದನ್ನು ದೇವರಿಗೇ ಬಿಟ್ಟುಕೊಟ್ಟೆ ಅಂತ. ಅಂದರೆ ಈ ಸೀಮೆಯಲ್ಲಿ ಕನ್ನಡ ಅಕ್ಷರ ಕಲ್ಲಿನ ಮೇಲೆ ಬಿದ್ದು 1200 ವರ್ಷಕ್ಕೂ ಮೇಲಾಯ್ತು. ನಮ್ಮ ಮಕ್ಕಳ ನೋಟ್‌ಬುಕ್‌ನಲ್ಲಿ ಮಾತ್ರ ಇನ್ನೂ ಬಿದ್ದಿಲ್ಲ. ಇರಲಿ, ಮೈದಾನಕ್ಕೆ ವಾಪಸ್ ಬರ್ತೀನಿ.

ಕ್ಲಾಸಿನಲ್ಲಿ ಎಲ್ಲ ತಮಿಳು. ಪ್ರಾರ್ಥನೆ ತಮಿಳು, ಬೈಗುಳ ತಮಿಳು. ಡ್ರಿಲ್‌ಗೆ ಮಾತ್ರ ಅಟೆನ್ಷನ್, ಸ್ಟ್ಯಾಂಡ್ ಅಟ್ ಈಸ್ ಅಂತ ಇಂಗ್ಲಿಷ್. ಅದರಲ್ಲಿ ನನಗೆ ದೂರು ಇಲ್ಲ. ತಮಿಳು ನನಗೆ ಅನ್ನ ಕೊಟ್ಟ ಭಾಷೆ, ಕೌಂಟರ್‌ನಲ್ಲಿ ದಿನಾ ಅದೇ ಮಾತಾಡೋದು. ಆದರೆ ಕಬಡ್ಡಿ ಅಂಕಣಕ್ಕೆ ಇಳಿದ್ರೆ ಒಂದು ವಿಚಿತ್ರ ಆಗ್ತಿತ್ತು. ಯೋಚನೆ ಮಾಡೋಕೆ ಹೊತ್ತಿಲ್ಲ, ಎದುರಾಳಿ ಒಳಗೆ ಬಂದಿದ್ದಾನೆ, ಕಾಲು ಸಿಕ್ಕಿದೆ. ಆಗ ಬಾಯಿಂದ ತಾನಾಗೇ ಬರ್ತಿದ್ದದ್ದು 'ಹಿಡಿ, ಹಿಡಿ'. ಪಕ್ಕದ ಬೀದಿಯ ತಮಿಳು ಹುಡುಗ ಕೂಗೋದು 'ಪುಡಿ, ಪುಡಿ'. ನಮ್ಮದು 'ಬಿಡ್ಬೇಡ', ಅವನದು 'ವಿಡಾದೇ'. ಇಡೀ ಕಬಡ್ಡಿ ಆಟ ಈ ಎರಡು ಮಾತಿನಲ್ಲೇ ಇದೆ ನೋಡಿ, ಹಿಡಿಯೋದು, ಬಿಡೋದು.

ಇದನ್ನು ಯಾಕೆ ಇಷ್ಟು ಹೇಳ್ತೀನಿ ಅಂದರೆ, ನಮ್ಮ ಮಾತನ್ನು 'ಅದು ಕನ್ನಡ ಅಲ್ಲ, ಕೆಟ್ಟ ತಮಿಳು' ಅನ್ನೋರು ಇದ್ದಾರೆ. ಹೊರಗಿನವರು ಅಂದ್ರೆ ಬಿಡಿ, ನಮ್ಮ ಮನೆಯವರೇ ಅಂತಾರೆ. ಹಳಗನ್ನಡದಲ್ಲಿ ಪಾಲು, ಪೋಗು, ಪಿಡಿ ಅಂತಿತ್ತು. ತಮಿಳು ಇವತ್ತಿಗೂ ಆ ಪಕಾರ ಇಟ್ಟುಕೊಂಡಿದೆ. ನಡುಗನ್ನಡದ ಹೊತ್ತಿಗೆ ಕನ್ನಡದಲ್ಲಿ ಅದು ಹಾಲು, ಹೋಗು, ಹಿಡಿ ಆಯ್ತು. ನಮ್ಮ ಬೀದಿಯಲ್ಲಿ ಹಕಾರ ಸ್ವಲ್ಪ ಮೆತ್ತಗೆ, ಕೆಲವರ ಬಾಯಲ್ಲಿ 'ಇಡಿ' ಅಂತಲೂ ಕೇಳುತ್ತೆ. ಆದರೆ ಪಕಾರ ಇಲ್ಲ. ಕೆಟ್ಟ ತಮಿಳಾಗಿದ್ರೆ ಪಕಾರ ಇರಬೇಕಿತ್ತಲ್ಲ? ವಿಜಯನಗರದ ಕಾಲದಲ್ಲಿ ಬಂದ್ವಿ ಅಂತ ನಮ್ಮ ಹಿರಿಯರು ಹೇಳೋ ಮಾತಿಗೂ ಇದು ಸರಿಹೊಂದುತ್ತೆ, ಆ ಹೊತ್ತಿಗೆ ಕನ್ನಡದಲ್ಲಿ ಪಕಾರ ಹೋಗಿ ಹಕಾರ ಬಂದಾಗಿತ್ತು. ಯಾವ ಸರ್ಟಿಫಿಕೇಟೂ ಇಲ್ಲದ ನಮಗೆ ಆ ಒಂದು ಹಕಾರವೇ ಸರ್ಟಿಫಿಕೇಟ್.

ಇನ್ನು ಹಗ್ಗದ ಕಥೆ. ನಾನು ಎಂಟನೇ ಕ್ಲಾಸ್‌ನಲ್ಲಿದ್ದಾಗ ಪಲ್ಲವ ತಂಡದಲ್ಲಿ ಎಳೆಯೋರು ಬಹುಪಾಲು ನಮ್ಮ ಬೀದಿಯವರೇ. ಹಗ್ಗ ಎಳೆಯೋದರಲ್ಲಿ ಮೈಬಲಕ್ಕಿಂತ ತಾಳ ಮುಖ್ಯ. ಎಂಟು ಜನ ಒಂದೇ ಉಸಿರಿಗೆ ಹಿಂದೆ ವಾಲಬೇಕು. ಹಿಂದಿನ ಹುಡುಗ 'ಒಂದು, ಎರಡು, ಎಳಿ' ಅಂತಿದ್ದ. ಎದುರಿನವರಿಗೆ ನಮ್ಮ 'ಎಳಿ' ಯಾವಾಗ ಬರುತ್ತೆ ಅಂತ ತಿಳೀತಿರಲಿಲ್ಲ. ಚೋಳರನ್ನು ಎಳೆದು ಹಾಕಿದ್ವಿ, ಪಾಂಡ್ಯರನ್ನೂ ಎಳೆದು ಹಾಕಿದ್ವಿ. ತೆಂಗಿನ ನಾರಿನ ಹಗ್ಗ, ಅಂಗೈ ಸುಲಿದು ಹೋಗಿತ್ತು.

ಫೈನಲ್‌ಗೆ ಮುಂಚೆ ಒಬ್ಬ ವಾತ್ಯಾರು ಬಂದು ಹೇಳಿದ್ರು, ಮನೆಮಾತು ಮನೇಲಿ ಇಟ್ಟುಕೊಳ್ಳಿ, ಇಲ್ಲಿ ತಮಿಳಲ್ಲೇ ಕೂಗಬೇಕು ಅಂತ. ಬೈದು ಹೇಳಲಿಲ್ಲ, ಸಾಧಾರಣವಾಗಿ ಹೇಳಿದ್ರು. 'ಒಣ್ಣು, ರೆಂಡು' ಅಂತ ಶುರು ಮಾಡಿದ್ವಿ, ತಾಳ ಕೂಡಲಿಲ್ಲ, ಚೇರ ತಂಡ ಗೆದ್ದಿತು. ಸೋಲು ದೊಡ್ಡದಲ್ಲ. ಅದಾದ ಮೇಲೆ ನಡೆದದ್ದೇ ನನ್ನನ್ನು ಇವತ್ತಿಗೂ ಕಾಡೋದು. ಮಾರನೇ ದಿನದಿಂದ ನಮ್ಮ ಹುಡುಗರು ಶಾಲೆಯ ಗೇಟ್ ಬಂದ ತಕ್ಷಣ ತಮ್ಮತಮ್ಮಲ್ಲೇ ತಮಿಳು ಮಾತಾಡೋಕೆ ಶುರು ಮಾಡಿದ್ರು. ಯಾರೂ ಕೂತು ತೀರ್ಮಾನ ಮಾಡಲಿಲ್ಲ. ಹಾಗೇ ಆಯ್ತು. ಅವರಲ್ಲಿ ಇಬ್ಬರು ಈಗ ತಮ್ಮ ಮಕ್ಕಳ ಜೊತೆ ಮನೇಲೂ ಕನ್ನಡ ಆಡಲ್ಲ.

ಅದೇ ಶಾಲೆಯಲ್ಲಿ ಇನ್ನೊಬ್ಬ ತಮಿಳು ವಾತ್ಯಾರು ಇದ್ರು. ಅವರು ನಮ್ಮನ್ನು ಕೂರಿಸಿಕೊಂಡು ಹಗ್ಗಕ್ಕೆ ಏನಂತೀರಿ, ಸುಣ್ಣಕ್ಕೆ ಏನಂತೀರಿ ಅಂತ ಕೇಳ್ತಿದ್ರು. 'ಕಯಿರು ಎಲ್ಲಿ, ಹಗ್ಗ ಎಲ್ಲಿ, ಸುಣ್ಣ ಮಾತ್ರ ಎರಡು ಕಡೆಯೂ ಒಂದೇ' ಅಂತ ಖುಷಿಪಡ್ತಿದ್ರು. ಅದಕ್ಕೆ ನಾನು ಭಾಷೆ ಮೇಲೆ ಭಾಷೆಯನ್ನು ಎತ್ತಿಕಟ್ಟೋ ಭಾಷಣಕ್ಕೆ ಚಪ್ಪಾಳೆ ತಟ್ಟಲ್ಲ.

ಕೊನೆಗೆ ಅಮ್ಮಂದಿರ ಹಗ್ಗ. ದ್ರಾಕ್ಷಿ ತೋಟದ ಕೆಲಸ ಅರ್ಧ ದಿನ ಬಿಟ್ಟು, ಕೂಲಿ ಕಳೆದುಕೊಂಡು ಬರ್ತಿದ್ರು. ಅವರಿಗೆ ತಮಿಳಲ್ಲೇ ಕೂಗಿ ಅಂತ ಹೇಳೋ ಧೈರ್ಯ ಯಾವ ವಾತ್ಯಾರಿಗೂ ಇರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತ್ರೆ ಮೈಕಿನ ಸದ್ದೂ ಕೇಳ್ತಿರಲಿಲ್ಲ. 'ಎಳೀರೇ, ಬಿಡ್ಬೇಡಿ' ಅಂತ ಮೈದಾನದ ತುಂಬ ಕನ್ನಡ. ನನ್ನ ನೆನಪಲ್ಲಿ ಆ ಶಾಲೆಯೊಳಗೆ ಕನ್ನಡ ಅಷ್ಟು ಗಟ್ಟಿಯಾಗಿ ಕೇಳಿದ್ದು ವರ್ಷಕ್ಕೆ ಆ ಹತ್ತು ನಿಮಿಷ ಮಾತ್ರ.

ಈಗ ನನ್ನ ಮಗಳ ಶಾಲೆ ನೋಡಿ. ದಿಂಡಿಗಲ್‌ನಲ್ಲಿ, ಇಂಗ್ಲಿಷ್ ಮೀಡಿಯಂ. ಆಟದ ದಿನಕ್ಕೆ ಡಿ.ಜೆ., ಡ್ರೋನ್, ಬಣ್ಣದ ಪುಡಿ. ಅಪ್ಪ ಅಮ್ಮ ಎಲ್ಲ ಮೊಬೈಲ್ ಎತ್ತಿ ಹಿಡಿದಿರ್ತಾರೆ. ಹೋದ ವರ್ಷ ನನ್ನ ಪಕ್ಕ ನಿಂತಿದ್ದ ಅಕ್ಕ ಕಂಬಂ ಕಡೆಯವರೇ, ಕನ್ನಡ ಮನೆಯವರೇ. ಮಗ ಓಡ್ತಿದ್ದಾಗ ಕೂಗಿದ್ದು 'ರನ್, ರನ್, ಕಮಾನ್!' ತಮಿಳಿನ 'ಓಡು' ಕೂಡ ಇಲ್ಲ. ಎರಡು ಭಾಷೆಗೂ 'ಓಡು' ಒಂದೇ ಮಾತು, ಅದನ್ನಾದರೂ ಕೂಗಬಹುದಿತ್ತು! ನಮ್ಮ ಕಾಲದಲ್ಲಿ ಒಬ್ಬರು ಬೇಡ ಅಂದ್ರು, ನಾವು ಬಿಟ್ವಿ. ಈಗ ಬೇಡ ಅನ್ನೋರು ಯಾರೂ ಇಲ್ಲ. ನಾವೇ ಬಿಡ್ತಿದ್ದೀವಿ. ಸರ್ಕಾರಕ್ಕೆ ಅರ್ಜಿ ಕೊಡೋದು, ಶಾಲೆಯಲ್ಲಿ ಕನ್ನಡ ಪಾಠ ಕೇಳೋದು, ಅದೆಲ್ಲ ಬೇಕು, ನಾನೂ ಸಹಿ ಹಾಕಿದ್ದೀನಿ. ಆದರೆ ಅರ್ಜಿಗೆ ಉತ್ತರ ಬರೋ ಹೊತ್ತಿಗೆ 'ಹಿಡಿ' ಅನ್ನೋಕೆ ಮಕ್ಕಳು ಉಳಿದಿರಬೇಕಲ್ಲ.

ಬ್ಯಾಂಕಿನವನು, ಖರ್ಚಿಲ್ಲದ ಯೋಜನೆ ಹೇಳ್ತೀನಿ. ಪೊಂಗಲ್‌ಗೆ ನಮ್ಮ ಬೀದಿಗಳಲ್ಲಿ ಹೇಗೂ ಆಟ ಇಡ್ತೀವಿ. ಗೋಣಿಚೀಲ, ಕಬಡ್ಡಿ, ಉರಿಯಡಿ ಎಲ್ಲ ಇರುತ್ತೆ. ಮೈಕ್ ಬಾಡಿಗೆ ಹೇಗೂ ಕೊಡ್ತೀವಿ. ಈ ಸಲ ಮೈಕಿನಲ್ಲಿ ಹೆಸರು ಕರೆಯೋದು, ಎಣಿಸೋದು, ಗೆದ್ದವರನ್ನು ಹೇಳೋದು ನಮ್ಮ ಬೀದಿಯ ಕನ್ನಡದಲ್ಲಿ ಮಾಡೋಣ. ಪುಸ್ತಕದ ಕನ್ನಡ ಬೇಡ, ಅದು ನನಗೂ ಬಾಯಿ ತಿರುಗಲ್ಲ. ತಮಿಳು ಗೆಳೆಯರು ಬಂದ್ರೆ ತಮಿಳಲ್ಲೂ ಹೇಳೋಣ. ಅರವತ್ತು ದಾಟಿದ ಅಜ್ಜಿಯರನ್ನು ಕೇಳಿ ಹಳೇ ಆಟದ ಹೆಸರು, ಎಣಿಕೆ, ಕೂಗು ಎಲ್ಲ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಕಳಿಸಿ. ಅಕ್ಷರಕ್ಕೆ ಇಳಿಸೋದು ನಾನು ಮಾಡ್ತೀನಿ, ಭಾನುವಾರ ಬಿಡುವಿದೆ.

ಮಾಟ್ಟು ಪೊಂಗಲ್ ಮಾರನೇ ದಿನ ಬೆಳಗ್ಗೆ ಎಂಟಕ್ಕೆ ನಮ್ಮ ಬೀದಿಯಲ್ಲಿ ಶುರು. ಅಮ್ಮಂದಿರ ಹಗ್ಗ ಮೊದಲು, ಬಿಸಿಲು ಏರೋ ಮುಂಚೆ. ಸ್ಟಾಪ್‌ವಾಚ್ ನನ್ನ ಹತ್ತಿರ ಇದೆ. ನಾರಿನ ಹಗ್ಗ ಯಾರ ತೋಟದಲ್ಲಿದೆ, ಊಟದ ಹೊತ್ತಿಗೆ ನನಗೆ ಹೇಳಿ.