ಹಗುರ ಲಿನಕ್ಸಿಗೆ ಹೊಸ ಪಡಸಾಲೆ ಬೇಕೆ?

ಕಂಪ್ಯೂಟರಿನ ಗುಂಡಿಯನ್ನೊತ್ತಿ ಕುಳಿತಾಗ ನಮ್ಮೆದುರಿಗೆ ಬಂದು ನಿಲ್ಲುವ ಕಿಟಕಿಗಳು, ಕೆಳಗಿನ ಪಟ್ಟಿ, ಮೂಲೆಯ ಗಡಿಯಾರ, ಕಡತಗಳನ್ನು ತೋರಿಸುವ ಚಿತ್ರಗಳು - ಇವೆಲ್ಲ ಸೇರಿ ಡೆಸ್ಕ್‌ಟಾಪ್ ಎನಿಸಿಕೊಳ್ಳುತ್ತವೆ. ಯಂತ್ರವನ್ನು ನಿಜವಾಗಿ ನಡೆಸುವ ಲಿನಕ್ಸ್ ಅಡಿಪಾಯದಂತೆ ಕಣ್ಣಿಗೆ ಬೀಳದೆ ಕೆಳಗಿರುತ್ತದೆ. ಡೆಸ್ಕ್‌ಟಾಪು ಮನೆಯ ಪಡಸಾಲೆ. ಅಡಿಪಾಯ, ಪಡಸಾಲೆ, ಅಡಿಗೆಮನೆ ಎಲ್ಲವನ್ನೂ ಸಜ್ಜುಗೊಳಿಸಿ ಬೀಗದಕೈಯನ್ನು ಪುಕ್ಕಟೆಯಾಗಿ ನಮ್ಮ ಕೈಗೆ ಕೊಡುವ ವ್ಯವಸ್ಥೆಗೆ ಲಿನಕ್ಸಿನ 'ವಿತರಣೆ' ಎಂದು ಹೆಸರು. ಇಂಥ ವಿತರಣೆಗಳಲ್ಲಿ ಲುಬುಂಟು ಒಂದು. ಪ್ರಸಿದ್ಧವಾದ ಉಬುಂಟುವಿನ ಮನೆತನಕ್ಕೆ ಸೇರಿದ್ದು; 2011ರ ಅಕ್ಟೋಬರಿನಲ್ಲಿ ಆ ಮನೆಯವರು ಇದನ್ನು ಅಧಿಕೃತವಾಗಿ ತಮ್ಮದೆಂದು ಒಪ್ಪಿಕೊಂಡರು. ಹಳೆಯ, ಬಲ ಕಡಮೆಯಾದ ಯಂತ್ರಗಳಲ್ಲಿಯೂ ಸರಾಗವಾಗಿ ಓಡುವುದೇ ಇದರ ಹೆಗ್ಗಳಿಕೆಯಾಗಿತ್ತು.

ಈ ಲುಬುಂಟು 2018ರ ಅಕ್ಟೋಬರಿನಲ್ಲಿ ತನ್ನ ಪಡಸಾಲೆಯನ್ನೇ ಬದಲಾಯಿಸಿತು. ಅಲ್ಲಿಯವರೆಗೆ ಇದ್ದದ್ದು ಎಲ್‌ಎಕ್ಸ್‌ಡಿಇ. ಆಮೇಲೆ ಬಂದದ್ದು ಎಲ್‌ಎಕ್ಸ್‌ಕ್ಯೂಟಿ. ಹಗುರವಾಗಿರುವುದೇ ಬದುಕಾದ ಒಂದು ವಿತರಣೆ ಹೀಗೆ ಮಾಡಬಹುದೆ?

ಕಾರಣವನ್ನು ಮೊದಲು ನೋಡೋಣ. ಎಲ್‌ಎಕ್ಸ್‌ಡಿಇಯನ್ನು 2006ರಲ್ಲಿ ಆರಂಭಿಸಿದವರು ತೈವಾನಿನ ಹಾಂಗ್ ಜೆನ್ ಯೀ ಎಂಬವರು. ಕಿಟಕಿ, ಗುಂಡಿ, ಪಟ್ಟಿಗಳನ್ನು ಪರದೆಯ ಮೇಲೆ ಮೂಡಿಸುವುದಕ್ಕೆ ಅವರು ಬಳಸಿದ ಸಿದ್ಧ ಸಾಮಗ್ರಿ ಜಿಟಿಕೆ, ಅದರ ಎರಡನೆಯ ಪೀಳಿಗೆ. 2011ರಲ್ಲಿ ಜಿಟಿಕೆಯ ಮೂರನೆಯ ಪೀಳಿಗೆ ಬಂತು. ಎರಡನೆಯದರ ಮೇಲೆ ಕಟ್ಟಿದವರೆಲ್ಲ ಇಂದಲ್ಲ ನಾಳೆ ಮನೆ ಬಿಡಲೇಬೇಕಾಯಿತು. ಯೀ ಅವರಿಗೆ ಮೂರನೆಯ ಪೀಳಿಗೆ ಒಪ್ಪಿಗೆಯಾಗಲಿಲ್ಲ. 2013ರಲ್ಲಿ ಅವರು ತಮ್ಮ ಕಡತ ನಿರ್ವಾಹಕವನ್ನು ಕ್ಯೂಟಿ ಎಂಬ ಬೇರೊಂದು ಸಾಮಗ್ರಿಯಲ್ಲಿ ಮತ್ತೆ ಬರೆದು ನೋಡಿದರು. (ಅದನ್ನು ಮಾಡಿದವರು ಅದರ ಹೆಸರನ್ನು 'ಕ್ಯೂಟ್' ಎಂದು ಉಚ್ಚರಿಸುತ್ತಾರೆ, ಉಳಿದವರ ನಾಲಿಗೆ ಇನ್ನೂ ಹಾಗೆ ಹೊರಳಿಲ್ಲ.) ಅದೇ ವರ್ಷ ರೇಜರ್-ಕ್ಯೂಟಿ ಎಂಬ ಇನ್ನೊಂದು ತಂಡದವರು ಇವರೊಡನೆ ಕೂಡಿಕೊಂಡರು. ಎಲ್‌ಎಕ್ಸ್‌ಕ್ಯೂಟಿ ಹುಟ್ಟಿದ್ದು ಹೀಗೆ. ಹೊಸದಕ್ಕೆ ಸ್ವಲ್ಪ ಹೆಚ್ಚು ಮೆಮೊರಿ ಬೇಕು, ಜಿಟಿಕೆಯ ಮೂರನೆಯ ಪೀಳಿಗೆಗೆ ಹೋಗಿದ್ದರೂ ಬೇಕಾಗುತ್ತಿತ್ತು ಎಂದು ತಂಡದವರು ಮುಚ್ಚುಮರೆಯಿಲ್ಲದೆ ಹೇಳಿದರು. ಜಿಟಿಕೆಯ ಎರಡನೆಯ ಪೀಳಿಗೆಯ ಕಡೆಯ ಆವೃತ್ತಿ 2020ರ ಡಿಸೆಂಬರಿನಲ್ಲಿ ಬಂದು, ಆ ಅಧ್ಯಾಯ ಮುಗಿಯಿತು.

ಆದುದರಿಂದ ಬದಲಾವಣೆ ಚಪಲದಿಂದ ಆದುದಲ್ಲ. ದುರಸ್ತಿ ಮಾಡುವವರಿಲ್ಲದ ಮನೆ ಎಷ್ಟು ಹಗುರವಾಗಿದ್ದರೇನು? ಭದ್ರತೆಯ ದೋಷವೊಂದು ಕಾಣಿಸಿಕೊಂಡರೆ ಅದನ್ನು ಸರಿಪಡಿಸಲು ಯಾರಾದರೂ ಇರಬೇಕಷ್ಟೆ. ಅಲ್ಲದೆ ಇಂದಿನ ಯಂತ್ರಕ್ಕೆ ಭಾರವಾಗುವುದು ಡೆಸ್ಕ್‌ಟಾಪಿಗಿಂತ ಮಿಗಿಲಾಗಿ ಬ್ರೌಸರು. ನಾಲ್ಕು ಜಾಲತಾಣಗಳನ್ನು ಒಮ್ಮೆಗೇ ತೆರೆದು ಕುಳಿತರೆ ಪಡಸಾಲೆಯಲ್ಲಿ ಉಳಿಸಿದ ಮೆಮೊರಿಯೆಲ್ಲ ಅಲ್ಲಿಗೇ ಸಂದಾಯವಾಗುತ್ತದೆ. ನಮ್ಮ ಕನ್ನಡದ ಒತ್ತಕ್ಷರಗಳ ಚಿಂತೆಯೂ ಬೇಡ. ಜಿಟಿಕೆಯಾಗಲಿ ಕ್ಯೂಟಿಯಾಗಲಿ ಅಕ್ಷರಗಳ ಜೋಡಣೆಗೆ ಹಾರ್ಫ್‌ಬಜ್ ಎಂಬ ಒಂದೇ ಕಸುಬುದಾರನನ್ನು ನೆಚ್ಚಿಕೊಂಡಿವೆ.

ಇಷ್ಟರ ಮಟ್ಟಿಗೆ ನಾನು ಲುಬುಂಟುವಿನ ಪಕ್ಷದವನೇ. ನನ್ನ ತಕರಾರು ಇರುವುದು ಮನೆ ಬದಲಾಯಿಸಿದ ರೀತಿಯಲ್ಲಿ. 2018ರ ಏಪ್ರಿಲಿನಲ್ಲಿ ಬಂದ 18.04, ಹಳೆಯ ಡೆಸ್ಕ್‌ಟಾಪಿನ ಕೊನೆಯ ದೀರ್ಘಾವಧಿ ಆವೃತ್ತಿ. ಅದರಿಂದ ಮುಂದಿನ ಆವೃತ್ತಿಗೆ ಇದ್ದಲ್ಲಿಯೇ ಏರಿಕೊಳ್ಳುವ ದಾರಿಗೆ ತಮ್ಮ ಬೆಂಬಲವಿಲ್ಲವೆಂದು ತಂಡ ಹೇಳಿತು. ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಿಕೊಳ್ಳಬೇಕು. ಅದೇ ಹೊತ್ತಿನಲ್ಲಿ ಹಳೆಯ ಯಂತ್ರಗಳೇ ಇನ್ನು ತಮ್ಮ ಮುಖ್ಯ ಗುರಿಯಲ್ಲವೆಂದೂ ಸಾರಿತು. 18.10ರ ನಂತರ 32 ಬಿಟ್ಟಿನ ಯಂತ್ರಗಳಿಗೆ ಲುಬುಂಟು ಬರಲೇ ಇಲ್ಲ. ಮೂರು ಬೇರೆ ಬೇರೆ ನಿರ್ಧಾರಗಳು ಒಂದೇ ಗಂಟಿನಲ್ಲಿ ಬಂದವು. ಹಳೆಯ ಬಳಕೆದಾರನಿಗೆ ಮಾತ್ರ ಎಲ್ಲವೂ ಸೇರಿ ಒಂದೇ ಪೆಟ್ಟಾಗಿ ಬಿತ್ತು.

ಇದಲ್ಲದೆ ಬೇರೆ ದಾರಿಯೇ ಇರಲಿಲ್ಲವೆ ಎಂದರೆ, ಇತ್ತು. ಎಕ್ಸ್‌ಎಫ್‌ಸಿಇ ಎಂಬ ಇನ್ನೊಂದು ಹಗುರ ಡೆಸ್ಕ್‌ಟಾಪಿಗೂ ಇದೇ ಸಂಕಟ ಬಂದಿತ್ತು. ಅವರು 2015ರ ಆವೃತ್ತಿಯಾದ ಮೇಲೆ ನಾಲ್ಕು ವರ್ಷಕ್ಕೂ ಮಿಕ್ಕಿ ಕಾದು, ಒಳಗಿನ ಒಂದೊಂದೇ ತೊಲೆಯನ್ನು ಬದಲಾಯಿಸುತ್ತ, 2019ರ ಆಗಸ್ಟಿನಲ್ಲಿ ಜಿಟಿಕೆಯ ಮೂರನೆಯ ಪೀಳಿಗೆಗೆ ಬಂದು ಸೇರಿದರು. ಹೊರಗಿನ ನೋಟ ಬಹುಮಟ್ಟಿಗೆ ಇದ್ದಂತೆಯೇ ಇತ್ತು. ನಿಧಾನವೆಂದು ಆಡಿಕೊಂಡವರು ಉಂಟು. ನನಗೇನೋ ಆ ನಿಧಾನವೇ ಮೆಚ್ಚಿಗೆಯಾಯಿತು. ಲುಬುಂಟುವಿನ ಕೆಲವೇ ಸ್ವಯಂಸೇವಕರಿಂದ ಅಷ್ಟನ್ನು ಬಯಸುವುದು ಅನ್ಯಾಯವಾದೀತೆಂಬುದೂ ನನಗೆ ಗೊತ್ತಿದೆ. ಆದರೆ ಹಳೆಯ ಮನೆಯಿಂದ ಹೊಸ ಮನೆಗೆ ಸಾಮಾನು ಸಾಗಿಸಲು ಒಂದು ಗಾಡಿಯನ್ನಾದರೂ ಗೊತ್ತುಮಾಡಬಹುದಿತ್ತು.

ನನ್ನ ಅತ್ತಿಗೆಯ ಬಳಿ 32 ಬಿಟ್ಟಿನ ಒಂದು ಹಳೆಯ ಲ್ಯಾಪ್‌ಟಾಪಿದೆ; ಮೆಮೊರಿ ಒಂದೇ ಗಿಗಾಬೈಟು. ಅದರಲ್ಲಿ ಲುಬುಂಟು ಹಾಕಿಕೊಟ್ಟವನು ನಾನೇ. ಊರಿನ ಮಹಿಳಾ ಸಮಾಜದ ಲೆಕ್ಕಪತ್ರ ಅವರ ವಶದಲ್ಲಿದೆ. 2021ರ ಏಪ್ರಿಲಿನಲ್ಲಿ 18.04ರ ಬೆಂಬಲ ಮುಗಿದಾಗ, "ಅತ್ತಿಗೆ, ಇದನ್ನಿನ್ನು ಅಂತರ್ಜಾಲಕ್ಕೆ ಜೋಡಿಸಬೇಡಿ" ಎಂದೆ. "ಯಾಕಪ್ಪ, ಏನು ಕೆಟ್ಟಿದೆ ಇದರಲ್ಲಿ?" ಎಂದು ಕೇಳಿದರು. ಏನೂ ಕೆಟ್ಟಿರಲಿಲ್ಲ. ಮುಂದೆ ಎರಡು ವರ್ಷ ಆ ಯಂತ್ರ ಜಾಲದ ಸಂಪರ್ಕವಿಲ್ಲದೆ ಲೆಕ್ಕ ಬರೆಯುತ್ತಲೇ ಇತ್ತು.

2023ರಲ್ಲಿ ಡೆಬಿಯನ್ ವಿತರಣೆಯ ಹನ್ನೆರಡನೆಯ ಆವೃತ್ತಿ ಬಂತು. ಉಬುಂಟುವಿಗೂ ತಾಯಿಬೇರಾದ ಈ ಡೆಬಿಯನ್ನಿನಲ್ಲಿ ಎಲ್‌ಎಕ್ಸ್‌ಡಿಇಯೂ ಉಂಟು, ಎಲ್‌ಎಕ್ಸ್‌ಕ್ಯೂಟಿಯೂ ಉಂಟು, ಬೇಕಾದುದನ್ನು ಆರಿಸಿಕೊಳ್ಳಬಹುದು. 32 ಬಿಟ್ಟಿನ ಯಂತ್ರದಲ್ಲಿ ಹೊಸದಾಗಿ ಹಾಕಿಕೊಳ್ಳಲು ಅವಕಾಶವಿದ್ದ ಅದರ ಕೊನೆಯ ಆವೃತ್ತಿಯೂ ಅದೇ. 2025ರ ಹದಿಮೂರನೆಯದರಲ್ಲಿ ಅದು ನಿಂತುಹೋಯಿತು. ಕಡತಗಳನ್ನೆಲ್ಲ ಬೇರೆ ಕಡೆ ತೆಗೆದಿರಿಸಿಕೊಂಡು, ಒಂದು ಭಾನುವಾರವೆಲ್ಲ ಕುಳಿತು, ಹಳೆಯ ಡೆಸ್ಕ್‌ಟಾಪನ್ನೇ ಆರಿಸಿ ಹಾಕಿದೆ. ಅತ್ತಿಗೆ ಕನ್ನಡಕ ಏರಿಸಿ ನೋಡಿದರು. ಪಟ್ಟಿ ಕೆಳಗೇ ಇತ್ತು, ಗಡಿಯಾರ ಮೂಲೆಯಲ್ಲೇ ಇತ್ತು. ಲೆಕ್ಕದ ಕಡತವನ್ನು ತೆರೆದು, ಕಳೆದ ತಿಂಗಳ ಬಾಕಿಯನ್ನು ಓದತೊಡಗಿದರು.